ಒಮ್ಮೆ ಕೆಂಪಗೆ ಬಂದು ನಿಂತರೂ

“ಒಂದ್ಸಲ ಕೆಂಪಗ ಬಂತ್ರಿ, ಮರುದಿನ ತಾನೇ ನೆಟ್ಟಗಾಯ್ತು. ಈಗ ಡಾಕ್ಟರಿಗಿ ತೋರ್ಸೋ ಜರೂರತ್ ಅದ ಏನ್ರಿ?” ಬೇಸಿಗೆ ಶುರುವಾಯಿತೆಂದರೆ ಈ ಅಂಕಣದ ಓದುಗರಿಂದ ಬರುವ ಫೋನುಗಳಲ್ಲಿ ಹೆಚ್ಚಿನವು ಇದೇ ಪ್ರಶ್ನೆಯವು. ಕೇಳುವವರು ಆಳಂದದ ರೈತರಿರಬಹುದು, ನಿವೃತ್ತ ಮೇಷ್ಟ್ರಿರಬಹುದು, ಸೂಪರ್ ಮಾರ್ಕೆಟಿನ ಅಂಗಡಿಯವರಿರಬಹುದು. ಎಷ್ಟೋ ಸಲ ಫೋನು ಮಾಡುವವರು ಮಗಳು ಇಲ್ಲವೇ ಸೊಸೆ. ಹಿರಿಯರು ಪಕ್ಕದಲ್ಲಿ ಕೂತು ಹೇಳಿಕೊಡುತ್ತಿರುತ್ತಾರೆ. ನನ್ನ ಉತ್ತರ ಪ್ರತಿ ಸಲವೂ ಒಂದೇ. ತೋರಿಸಬೇಕು. ನಿಂತಿದ್ದರೂ ತೋರಿಸಬೇಕು. ನೋವಿಲ್ಲದೆ ಬಂದು ತಾನಾಗಿ ನಿಂತಿದ್ದರೆ ಇನ್ನೂ ಬೇಗ ತೋರಿಸಬೇಕು. ಯಾಕೆ ಎನ್ನುವುದನ್ನು ಫೋನಿನಲ್ಲಿ ಅವಸರದಿಂದ ಹೇಳಿ ಮುಗಿಸಲಾಗದು, ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಭಾಗದಲ್ಲಿ ಮೂತ್ರಕ್ಕೆ ಸಂಬಂಧಿಸಿದ ಯಾವ ತೊಂದರೆಗೂ ಮೊದಲು ಸಿಗುವ ಕಾರಣ ಉಷ್ಣ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವಾಗ ಹಾಗನ್ನಿಸುವುದು ಸಹಜ. ಹೊಲದಲ್ಲಿ ದುಡಿಯುವವರಿಗೆ ಬೆವರು ಹರಿದು ನೀರು ಸಾಲದೆ ಮೂತ್ರ ಗಟ್ಟಿಯಾಗುತ್ತದೆ, ಹಳದಿಯಾಗುತ್ತದೆ, ಉರಿಯುತ್ತದೆ. ಕಿಡ್ನಿಯಲ್ಲಿ ಹರಳೂ ಆಗುತ್ತದೆ. ಬಾರ್ಲಿ ಗಂಜಿ, ಎಳನೀರು, ಕೊತ್ತಂಬರಿ ಬೀಜದ ನೀರು ಕುಡಿದರೆ ಆ ಉರಿ ತಗ್ಗುವುದೂ ನಿಜ. ಆದರೆ ಬಿಸಿಲು ಮೂತ್ರವನ್ನು ಹಳದಿ ಮಾಡುತ್ತದೆಯೇ ಹೊರತು ಅದಕ್ಕೆ ರಕ್ತ ಬೆರೆಸುವುದಿಲ್ಲ. ರಕ್ತ ಬಂತೆಂದರೆ ಕಿಡ್ನಿಯಿಂದ ಮೂತ್ರದ್ವಾರದವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಗಾಯವಿದೆ ಎಂದೇ ಅರ್ಥ. ಹರಳಿನದಾದರೆ ಸಾಮಾನ್ಯವಾಗಿ ಪಕ್ಕೆಯಿಂದ ತೊಡೆಸಂದಿಯತ್ತ ಇಳಿಯುವ ನೋವು ಜೊತೆಗಿರುತ್ತದೆ. ಸೋಂಕಾದರೆ ಉರಿ, ಜ್ವರ ಇರುತ್ತದೆ. ಏನೂ ನೋಯದೆ, ಏನೂ ಉರಿಯದೆ, ಬರೀ ಕೆಂಪಗೆ ಬಂದು ಹೋಗುವ ರಕ್ತವಿದೆಯಲ್ಲ, ಅದರ ಹಿಂದೆ ಗಡ್ಡೆ ಇರಬಹುದೆಂದು ಮೊದಲು ಅನುಮಾನಿಸಬೇಕು.

ಮೂತ್ರ ತುಂಬಿಕೊಳ್ಳುವ ಚೀಲ, ಅಂದರೆ ಮೂತ್ರಕೋಶ. ಅದರ ಒಳಗೋಡೆಯಲ್ಲಿ ಹುಟ್ಟುವ ಗಡ್ಡೆಯ ಸ್ವಭಾವವೇ ಹಾಗೆ. ಒಂದು ದಿನ ರಕ್ತ ಸುರಿಸುತ್ತದೆ, ನಿಲ್ಲುತ್ತದೆ, ವಾರವೋ ತಿಂಗಳೋ ಸುಮ್ಮನಿದ್ದು ಮತ್ತೆ ಸುರಿಸುತ್ತದೆ. ನಡುವಿನ ಬಿಡುವಿನಲ್ಲಿ ಮನೆಯವರು ಏನು ಕುಡಿಸಿದ್ದರೋ ಅದಕ್ಕೆ ಗುಣದ ಹೆಸರು ಹೋಗುತ್ತದೆ. ಗಂಜಿಯಾದರೂ ಅಷ್ಟೆ, ಹರಳು ಕರಗಿಸುವ ಪುಡಿಯಾದರೂ ಅಷ್ಟೆ, ಐದು ದಿನದ ಆ್ಯಂಟಿಬಯಾಟಿಕ್ ಆದರೂ ಅಷ್ಟೆ. ರಕ್ತ ತಾನಾಗಿ ನಿಂತಿರುತ್ತದೆ, ಗಡ್ಡೆ ಬೆಳೆಯುತ್ತಿರುತ್ತದೆ.

ಕಮಲಾಪುರದಲ್ಲಿ ನಮ್ಮ ಕಾಕಾ ಇದ್ದಾರೆ. ಕೆಂಪು ಬಾಳೆಯ ತೋಟ, ಜೊತೆಗೆ ಒಂದಿಷ್ಟು ತೊಗರಿ. ಹುಡುಗರಾಗಿದ್ದಾಗ ಹಿಡಿದ ಬೀಡಿ ಬಿಟ್ಟಿರಲಿಲ್ಲ. ಕಲಬುರಗಿಯಲ್ಲಿ ಮಗನ ಮನೆಗೆ ಬಂದಾಗ ಬೆಳಗ್ಗೆ ಬಾತ್‌ರೂಮಿನಿಂದ ಹೊರಬಂದವರೇ ಕಾಕುವನ್ನು ಕರೆದು ಮೆಲ್ಲಗೆ ಏನೋ ಹೇಳಿದರು. ಬಿಳಿ ಕಮೋಡಿನಲ್ಲಿ ಕೆಂಪು ಕಂಡಿತ್ತು. ಡಾಕ್ಟರು ಆಮೇಲೆ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಇನ್ನೂ ಇದೆ: “ಊರಾಗ ಎಲ್ಲಿ ಹೋಗ್ತೀರಿ ಒಂದಕ್ಕ?” ಹೊಲದ ಬದುವಿನಲ್ಲಿ. ಎರೆ ಭೂಮಿ, ಕಪ್ಪು ಮಣ್ಣು. ಅಲ್ಲಿ ಬಿದ್ದ ಮೂತ್ರದ ಬಣ್ಣ ಯಾರಿಗೆ ಗೊತ್ತಾಗುತ್ತದೆ? ಕಾಕಾನಿಗೆ ಅದು ಮೊದಲ ಸಲದ ರಕ್ತವೋ ಹತ್ತನೆಯದೋ ಹೇಳುವವರೇ ಇರಲಿಲ್ಲ. ಹೊಲದಲ್ಲಿ ದಿನ ಕಳೆಯುವ, ಬೀಡಿ ಸೇದುವ, ಐವತ್ತು ದಾಟಿದ ಗಂಡಸರಿಗೆ ಅಂದಿನಿಂದ ನಾನು ಹೇಳುವುದೇನೆಂದರೆ, ವಾರಕ್ಕೊಮ್ಮೆಯಾದರೂ ಬಿಳಿ ತಳದಲ್ಲೋ ಪಾರದರ್ಶಕ ಬಾಟಲಿಯಲ್ಲೋ ನಿಮ್ಮ ಮೂತ್ರದ ಬಣ್ಣ ನೋಡಿಕೊಳ್ಳಿ.

ಹೆಂಗಸರದು ಇನ್ನೊಂದು ಕಥೆ. ಅವರಿಗೆ ರಕ್ತ ಕಂಡರೂ ಅದು ಮುಟ್ಟಿನದೋ ಮೂತ್ರದ್ದೋ ಎಂಬ ಗೊಂದಲ, ಮುಟ್ಟು ನಿಂತವರಿಗೆ ಹೇಳಿಕೊಳ್ಳಲು ಸಂಕೋಚ. ಹೇಳಿಕೊಂಡರೂ “ಯೂರಿನ್ ಇನ್‌ಫೆಕ್ಷನ್” ಎಂದು ಮಾತ್ರೆ ಬರುತ್ತದೆ, ಮತ್ತೆ ಬಂದರೆ ಮತ್ತೆ ಅದೇ ಮಾತ್ರೆ. ಮೂತ್ರಕೋಶದ ಕ್ಯಾನ್ಸರ್ ಗಂಡಸರಲ್ಲೇ ಹೆಚ್ಚು, ನಿಜ. ಆದರೆ ಹೆಂಗಸರಲ್ಲಿ ಅದು ಪತ್ತೆಯಾಗುವುದು ತಡ. ಸೋಂಕಿನ ಮಾತ್ರೆ ಕೊಡುವ ಮೊದಲು ಮೂತ್ರದ ಕಲ್ಚರ್ ಮಾಡಿಸಿ, ಅದರಲ್ಲಿ ಯಾವ ರೋಗಾಣುವೂ ಬೆಳೆಯದಿದ್ದರೆ ಮುಂದಿನ ತಪಾಸಣೆ ಕೇಳಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೂ ಒಂದು ಮಾತು. ಆ ಮಾತ್ರೆಯಿಂದಲೇ ರಕ್ತ ಬಂತು ಎಂದು ನೀವೇ ತೀರ್ಮಾನಿಸಬೇಡಿ, ಮಾತ್ರೆಯನ್ನು ನೀವೇ ನಿಲ್ಲಿಸಲೂ ಬೇಡಿ. ಒಳಗೆ ಅಡಗಿದ್ದ ಗಡ್ಡೆಯನ್ನು ಅದು ಬೇಗ ಹೊರಗೆಡಹಿರಬಹುದು. ಇನ್ನು ಕ್ಷಯದ ಚಿಕಿತ್ಸೆಯಲ್ಲಿರುವವರು ಗಾಬರಿಯಾಗಬೇಕಿಲ್ಲ. ರಿಫಾಂಪಿಸಿನ್ ಮಾತ್ರೆ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ಬೀಟ್‌ರೂಟ್ ತಿಂದರೂ ಬಣ್ಣ ಬದಲಾದೀತು. ರಕ್ತವೋ ಅಲ್ಲವೋ ಎಂಬುದನ್ನು ಒಂದು ಮೂತ್ರ ಪರೀಕ್ಷೆ ಹೇಳಿಬಿಡುತ್ತದೆ.

ಹಾಗೆಂದು ಕೆಂಪು ಕಂಡವರಿಗೆಲ್ಲ ಕ್ಯಾನ್ಸರ್ ಎಂದಲ್ಲ. ಕಣ್ಣಿಗೆ ಕಾಣುವಷ್ಟು ರಕ್ತ ಬಂದು ತಜ್ಞರ ಬಳಿ ಹೋದ 100 ಜನರಲ್ಲಿ 10ರಿಂದ 20 ಮಂದಿಗೆ ಅದು ಸಿಗುತ್ತದೆ. ಉಳಿದವರಲ್ಲಿ ಹಲವರಿಗೆ ಹರಳು, ಸೋಂಕು, ಪ್ರಾಸ್ಟೇಟ್ ಊತ. ಅವರು ಹಗುರಾಗಿ ಮನೆಗೆ ಬರುತ್ತಾರೆ. ಯಾರು ಯಾವ ಗುಂಪಿನಲ್ಲಿದ್ದಾರೆಂದು ಹೊರಗಿನಿಂದ ಯಾರೂ ಹೇಳಲಾರರು ಎಂಬುದಕ್ಕೇ ಒಳಗೆ ನೋಡಬೇಕು.

ಒಳಗೆ ನೋಡುವುದಕ್ಕೆ ನಮ್ಮ ಜನ ದುರ್ಬೀನು ಹಾಕುವುದು ಎನ್ನುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಸಿಸ್ಟೊಸ್ಕೋಪಿ. ಎಷ್ಟೋ ಜನ ಸೋನೋಗ್ರಫಿ ನಾರ್ಮಲ್ ಬಂತೆಂದು ಇದನ್ನು ಬಿಟ್ಟುಬಿಡುತ್ತಾರೆ. ಸೋನೋಗ್ರಫಿ ಒಳ್ಳೆಯ ಪರೀಕ್ಷೆ, ಅದೇ ಮೊದಲು ಆಗಬೇಕು, ಅದೂ ಮೂತ್ರ ತುಂಬಿದ್ದಾಗ. ಆದರೆ ಗೋಡೆಗಂಟಿಕೊಂಡ ಸಣ್ಣ ಗಡ್ಡೆ, ಚಪ್ಪಟೆ ಹುಣ್ಣು ಅದಕ್ಕೆ ಕಾಣದೆ ಹೋಗಬಹುದು. ಮೂತ್ರದ್ವಾರಕ್ಕೆ ಮರಗಟ್ಟಿಸುವ ಜೆಲ್ಲಿ ಹಾಕಿ, ತೆಳುವಾದ ನಳಿಗೆಯ ತುದಿಯ ಬೆಳಕಿನಲ್ಲಿ ಮೂತ್ರಕೋಶದ ಗೋಡೆಯನ್ನೆಲ್ಲ ನೋಡಲು ಕೆಲವೇ ನಿಮಿಷ ಸಾಕು. ಕಾಕಾನಿಗೆ ಮಾಡುವಾಗ ಡಾಕ್ಟರು ನನ್ನನ್ನೂ ಒಳಗೆ ಕರೆದು ಪರದೆ ತೋರಿಸಿದರು. ತಿಳಿ ಗುಲಾಬಿ ಗೋಡೆ, ಅದರಲ್ಲಿ ಕೂದಲೆಳೆಯಂಥ ರಕ್ತನಾಳಗಳು. ಎಡಬದಿಯಲ್ಲಿ, ಕಿಡ್ನಿಯಿಂದ ಬರುವ ನಾಳ ತೆರೆದುಕೊಳ್ಳುವ ಜಾಗದ ಪಕ್ಕ, ಸಣ್ಣ ತೊಟ್ಟಿನ ಮೇಲೆ ಎಳೆಎಳೆಯಾಗಿ ಬೆಳೆದದ್ದೊಂದು. ನೀರು ಬಿಟ್ಟಾಗಲೆಲ್ಲ ಆ ಎಳೆಗಳು ಅಲುಗುತ್ತಿದ್ದವು. “ಇಷ್ಟ ಅದ ನೋಡ್ರಿ,” ಎಂದರು ಡಾಕ್ಟರು. ಕಾಕಾ ಮಲಗಿದ್ದಲ್ಲಿಂದಲೇ ಕತ್ತು ಹೊರಳಿಸಿ ತಾವೂ ನೋಡಿದರು.

ಮುಂದಿನದು ಶಸ್ತ್ರಚಿಕಿತ್ಸೆ, ಆದರೆ ಹೊಟ್ಟೆ ಕೊಯ್ಯುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಅದೇ ದಾರಿಯಲ್ಲಿ ವಿದ್ಯುತ್ ಹಾಯುವ ತಂತಿಯ ಕುಣಿಕೆಯೊಂದನ್ನು ಕಳಿಸಿ ಗಡ್ಡೆಯನ್ನು ಚೂರುಚೂರಾಗಿ ಕೆರೆದು ತೆಗೆಯುತ್ತಾರೆ. ಇದಕ್ಕೆ ಟಿಯುಆರ್‌ಬಿಟಿ ಎನ್ನುತ್ತಾರೆ. ಇದು ಚಿಕಿತ್ಸೆಯೂ ಹೌದು, ತಪಾಸಣೆಯೂ ಹೌದು. ತೆಗೆದ ಚೂರುಗಳು ಬಯಾಪ್ಸಿಗೆ ಹೋಗುತ್ತವೆ. ಅಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆಯನ್ನು ನಾನು ಮನೆಯವರಿಗೆ ಹೀಗೆ ಹೇಳಿದೆ: ಕಲ್ಲುಗೋಡೆಗೆ ಗಿಲಾವು ಮಾಡಿರುತ್ತಾರಲ್ಲ, ಬಿರುಕು ಗಿಲಾವಿನಲ್ಲೇ ನಿಂತಿದೆಯೋ ಕಲ್ಲಿಗೂ ಇಳಿದಿದೆಯೋ? ಮೂತ್ರಕೋಶದ ಕಲ್ಲು ಅಂದರೆ ಅದರ ಸ್ನಾಯುಪದರ. ಪತ್ತೆಯಾಗುವಾಗ ಸುಮಾರು ನಾಲ್ಕರಲ್ಲಿ ಮೂರು ಗಡ್ಡೆಗಳು ಒಳಪದರಗಳಲ್ಲೇ ಇರುತ್ತವೆ. ಸ್ನಾಯುವಿಗೆ ಇಳಿದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ನೀವು ಕೇಳಲೇಬೇಕಾದ ಪ್ರಶ್ನೆ ಇಲ್ಲಿದೆ, ದಯವಿಟ್ಟು ಗುರುತು ಹಾಕಿಕೊಳ್ಳಿ. ಬಯಾಪ್ಸಿ ವರದಿಯಲ್ಲಿ ಸ್ನಾಯುವಿನ ತುಣುಕು ಸಿಕ್ಕಿದೆಯೇ? ಸಿಕ್ಕಿದ್ದರೆ ಅದರಲ್ಲಿ ಗಡ್ಡೆ ಇದೆಯೇ? ಸ್ನಾಯುವೇ ಸಿಕ್ಕಿಲ್ಲದಿದ್ದರೆ “ಮೇಲ್ಪದರದ ಕ್ಯಾನ್ಸರ್, ಚಿಂತೆ ಇಲ್ಲ” ಎನ್ನುವ ಮಾತಿಗೆ ಆಧಾರವಿಲ್ಲ. ಅಂಥ ಸಂದರ್ಭದಲ್ಲಿ ಕೆಲವು ವಾರಗಳೊಳಗೆ ಮತ್ತೊಮ್ಮೆ ಕೆರೆದು ನೋಡುವುದು ರೂಢಿ. ಎರಡನೇ ಆಪರೇಷನ್ ಎಂದರೆ ಮೊದಲನೆಯದು ಕೆಟ್ಟಿತು ಎಂದುಕೊಂಡು ಡಾಕ್ಟರರ ಮೇಲೆ ಮುನಿಸಿಕೊಂಡು ಬೇರೆ ಊರಿಗೆ ಹೋಗುವವರನ್ನು ನೋಡಿದ್ದೇನೆ. ಮತ್ತೊಮ್ಮೆ ನೋಡೋಣ ಎನ್ನುವ ಡಾಕ್ಟರು ಸರಿಯಾದ ಕೆಲಸವನ್ನೇ ಮಾಡುತ್ತಿರುತ್ತಾರೆ.

ಕಾಕಾನ ವರದಿಯಲ್ಲಿ ಸ್ನಾಯು ಸಿಕ್ಕಿತ್ತು, ಅದರಲ್ಲಿ ಗಡ್ಡೆ ಇರಲಿಲ್ಲ. ಆದರೆ ಜೀವಕೋಶಗಳು ಉಗ್ರ ಜಾತಿಯವು, ಮರುಕಳಿಸುವ ಸಂಭವ ಹೆಚ್ಚು. ಅಂಥವರಿಗೆ ಕೊಡುವ ಔಷಧ ಕೇಳಿ ಮನೆಯವರೆಲ್ಲ ಬೆರಗಾದರು. ಬಿಸಿಜಿ! ಹುಟ್ಟಿದ ಕೂಸಿನ ತೋಳಿಗೆ ಚುಚ್ಚುವ ಕ್ಷಯದ ಲಸಿಕೆ. 1921ರಲ್ಲಿ ಮೊದಲು ಬಳಕೆಗೆ ಬಂದ ಆ ಲಸಿಕೆಯನ್ನು ಮೂತ್ರಕೋಶದೊಳಗೆ ಬಿಟ್ಟರೆ ಗಡ್ಡೆ ಮರುಕಳಿಸುವುದು ತಗ್ಗುತ್ತದೆಂದು ಕೆನಡಾದ ಆಲ್ವಾರೊ ಮೊರಾಲಿಸ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು. ಜೀವಂತ ಆದರೆ ಸತ್ವ ಕುಗ್ಗಿದ ರೋಗಾಣು ಒಳಗೋಡೆಯಲ್ಲಿ ಉರಿಯೂತ ಎಬ್ಬಿಸುತ್ತದೆ, ಅದನ್ನು ಎದುರಿಸಲು ಬಂದ ನಮ್ಮದೇ ರಕ್ಷಣಾಕೋಶಗಳು ಉಳಿದ ಕ್ಯಾನ್ಸರ್ ಕೋಶಗಳ ಮೇಲೂ ಬೀಳುತ್ತವೆ. ಇವತ್ತಿಗೂ ಇಂಥವರಿಗೆ ಮೊದಲು ಕೊಡುವ ಮುಖ್ಯ ಔಷಧ ಇದೇ. ವಾರಕ್ಕೊಂದರಂತೆ ಆರು ಸಲ, ಆಮೇಲೆ ಬಿಡುವು ಬಿಟ್ಟು ಒಂದರಿಂದ ಮೂರು ವರ್ಷ. ಪ್ರತಿ ಸಲವೂ ಸಣ್ಣ ನಳಿಗೆಯಿಂದ ಒಳಗೆ ಬಿಟ್ಟ ಔಷಧವನ್ನು ಸುಮಾರು ಎರಡು ತಾಸು ಹಿಡಿದಿಟ್ಟುಕೊಳ್ಳಬೇಕು. ಕಮಲಾಪುರದಿಂದ ಬಸ್ಸಿನಲ್ಲಿ ಬಂದು, ಆ ಎರಡು ತಾಸು ಆಸ್ಪತ್ರೆಯ ಪಡಸಾಲೆಯಲ್ಲೇ ಕೂತು, ಮೂತ್ರ ಮಾಡಿದ ಮೇಲೆಯೇ ಕಾಕಾ ವಾಪಸ್ ಬಸ್ಸು ಹತ್ತುತ್ತಿದ್ದರು. ಒಂದೆರಡು ದಿನ ಉರಿ, ಮೈಬಿಸಿ ಇರುತ್ತದೆ. ಜೋರು ಜ್ವರ ಬಂದು ಬಿಡದಿದ್ದರೆ ಮಾತ್ರ ತಡಮಾಡದೆ ಅದೇ ಆಸ್ಪತ್ರೆಗೆ ಓಡಬೇಕು, ಬಿಸಿಜಿ ಕೊಟ್ಟಿದ್ದಾರೆಂದು ಹೇಳಬೇಕು.

ಗಡ್ಡೆ ಸ್ನಾಯುವಿಗೆ ಇಳಿದವರಿಗೆ ಸಾಮಾನ್ಯವಾಗಿ ಮೊದಲು ಕಿಮೊ, ಆಮೇಲೆ ಮೂತ್ರಕೋಶವನ್ನೇ ತೆಗೆಯುವ ದೊಡ್ಡ ಆಪರೇಷನ್. ಸಣ್ಣ ಕರುಳಿನ ಒಂದು ಗೇಣಿನಷ್ಟು ತುಂಡಿನಿಂದ ಮೂತ್ರಕ್ಕೆ ಹೊಸ ದಾರಿ ಮಾಡಿ ಹೊಟ್ಟೆಯ ಬಲಭಾಗಕ್ಕೆ ತೆರೆದು, ಅಲ್ಲಿ ಚೀಲ ಅಂಟಿಸುತ್ತಾರೆ. ಕೆಲವರಿಗೆ ಕರುಳಿನಿಂದಲೇ ಒಳಗೆ ಹೊಸ ಚೀಲ ಕಟ್ಟಿಕೊಡಲು ಬರುತ್ತದೆ. ಆಯ್ದ ಕೆಲವರಿಗೆ ಗಡ್ಡೆ ಕೆರೆದು ಕಿಮೊ ಜೊತೆ ಕರೆಂಟು ಕೊಟ್ಟು, ಅಂದರೆ ವಿಕಿರಣದಿಂದ, ಮೂತ್ರಕೋಶ ಉಳಿಸಿಕೊಳ್ಳುವ ದಾರಿಯೂ ಇದೆ. ಚೀಲ ಎಂದ ಕೂಡಲೇ ಒಲ್ಲೆ ಎಂದು ಎದ್ದುಹೋಗುವವರೇ ಹೆಚ್ಚು. ಹಾಗೆ ಹೋಗುವ ಮೊದಲು ಚೀಲ ಹಾಕಿಕೊಂಡು ಹೊಲಕ್ಕೆ ಹೋಗುತ್ತಿರುವ ಒಬ್ಬರನ್ನಾದರೂ ಭೇಟಿ ಮಾಡಿಸಿ ಎಂದು ಡಾಕ್ಟರರನ್ನು ಕೇಳಿ. ತಡ ಮಾಡಿದರೆ ಇನ್ನೊಂದು ಪೆಟ್ಟು ಬೀಳುತ್ತದೆ. ಗಡ್ಡೆ ಕಿಡ್ನಿಯ ನಾಳಗಳ ಬಾಯಿ ಮುಚ್ಚಿ ಕಿಡ್ನಿ ಸೋತರೆ, ಈ ರೋಗಕ್ಕೆ ಮುಖ್ಯವಾದ ಸಿಸ್‌ಪ್ಲಾಟಿನ್ ಔಷಧವನ್ನೇ ಕೊಡಲಾಗುವುದಿಲ್ಲ.

ಬೀಡಿಗೂ ಮೂತ್ರಕೋಶಕ್ಕೂ ಏನು ಸಂಬಂಧ ಎಂದು ಕಾಕಾ ಕೇಳಿದ್ದರು. ಪುಪ್ಪುಸಕ್ಕೆ ಹೋದ ಹೊಗೆಯ ವಿಷ ರಕ್ತಕ್ಕೆ ಇಳಿಯುತ್ತದೆ, ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ, ಆ ಮೂತ್ರ ತಾಸುಗಟ್ಟಲೆ ಮೂತ್ರಕೋಶದಲ್ಲಿ ನಿಂತಿರುತ್ತದೆ. ಈ ಸಂಬಂಧದ ಮೊದಲ ಸುಳಿವು ಸಿಕ್ಕಿದ್ದು ಬಣ್ಣದ ಕಾರ್ಖಾನೆಯಲ್ಲಿ. ಫ್ರಾಂಕ್‌ಫರ್ಟಿನ ಲುಡ್ವಿಗ್ ರೆನ್ ಎಂಬ ಸರ್ಜನ್ 1895ರಲ್ಲಿ, ಅನಿಲಿನ್ ಬಣ್ಣ ತಯಾರಿಸುವ ಕೂಲಿಗಳಲ್ಲಿ ಮೂತ್ರಕೋಶದ ಗಡ್ಡೆ ಹೆಚ್ಚೆಂದು ಗುರುತಿಸಿದ. ಅದೇ ಬಗೆಯ ರಾಸಾಯನಿಕಗಳು ತಂಬಾಕಿನ ಹೊಗೆಯಲ್ಲೂ ಇವೆ. ಈ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧಕ್ಕೆ ಧೂಮಪಾನವೇ ಕಾರಣ. ಗಡ್ಡೆ ಬಂದ ಮೇಲೆ ಬಿಟ್ಟರೂ ಲಾಭವಿದೆ, ಮರುಕಳಿಸುವ ಸಂಭವ ತಗ್ಗುತ್ತದೆ. ಕಾಕಾ ಬಿಟ್ಟಿದ್ದಾರೆ. ತೋಟದ ಕೂಲಿಯವರಿಗೂ ಬಿಡಲು ಹೇಳುತ್ತಿದ್ದಾರೆ.

ಪ್ರಾಸ್ಟೇಟ್ ಬಗ್ಗೆ ಬರುವ ಪ್ರಶ್ನೆಗಳು ಬೇರೆ ಥರದವು: “ಪಿಎಸ್‌ಎ ಜಾಸ್ತಿ ಬಂದದ, ಕ್ಯಾನ್ಸರ್ ಏನ್ರಿ?” ಆಗಲೇಬೇಕೆಂದಿಲ್ಲ. ಪಿಎಸ್‌ಎ ಎಂದರೆ ಪ್ರಾಸ್ಟೇಟ್ ಗ್ರಂಥಿಗಾಗಿ ಮಾಡುವ ರಕ್ತಪರೀಕ್ಷೆ. ವಯಸ್ಸಿಗೆ ಗ್ರಂಥಿ ಊದಿದರೂ, ಮೂತ್ರದ ಸೋಂಕಾದರೂ, ಪೈಪು ಹಾಕಿದ್ದರೂ ಅದು ಏರುತ್ತದೆ. ಸೋಂಕು ಇಳಿದ ಕೆಲವು ವಾರಗಳ ಮೇಲೆ ಮತ್ತೆ ನೋಡಿ, ಆಗಲೂ ಜಾಸ್ತಿ ಇದ್ದರೆ ಎಂಆರ್‌ಐ, ಬಯಾಪ್ಸಿ. ಕ್ಯಾನ್ಸರ್ ಮಂದಗತಿಯದಾದರೆ ಬರೀ ಕಾಯುತ್ತ ನೋಡುವುದೂ ಒಪ್ಪಿತ ಚಿಕಿತ್ಸೆಯೇ. ನಮ್ಮ ಕಡೆ ಕಷ್ಟವೆಂದರೆ ಬಹಳ ಮಂದಿ ಸೊಂಟನೋವು ಎಂದು ಮೂಳೆ ಡಾಕ್ಟರರ ಹತ್ತಿರ ತಿರುಗಿ, ರೋಗ ಎಲುಬಿಗೆ ಇಳಿದ ಮೇಲೆ ಬರುತ್ತಾರೆ. ಆಗಲೂ ದಾರಿ ಮುಚ್ಚಿರುವುದಿಲ್ಲ. ಗಂಡು ಹಾರ್ಮೋನು ನಿಲ್ಲಿಸಿದರೆ ಈ ಗಡ್ಡೆ ಕುಗ್ಗುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ಅದಕ್ಕೆ ನೊಬೆಲ್ ಬಂತು. ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ತಗೊಳ್ಳಬಹುದು, ಇಲ್ಲವೇ ಸಣ್ಣ ಆಪರೇಷನ್‌ನಲ್ಲಿ ವೃಷಣಗಳನ್ನು ತೆಗೆಸಬಹುದು. ಗಂಡಸರು ಎರಡನೆಯದಕ್ಕೆ ಹಿಂಜರಿಯುತ್ತಾರೆ. ಊರು ದೂರ, ಕೈಯಲ್ಲಿ ಹಣ ಕಡಿಮೆ, ಇಂಜೆಕ್ಷನ್ ತಪ್ಪಿಹೋಗುವ ಸಂಭವ ಹೆಚ್ಚು ಎನ್ನುವವರಿಗೆ ಒಂದೇ ಸಲ ಮುಗಿಯುವ ಆಪರೇಷನ್ನೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕಿಡ್ನಿಯ ಗಡ್ಡೆ ಈಗ ಹೆಚ್ಚಾಗಿ ಬೇರೆ ಯಾವುದಕ್ಕೋ ಮಾಡಿಸಿದ ಸೋನೋಗ್ರಫಿಯಲ್ಲಿ ಸಿಗುತ್ತದೆ. ಸಣ್ಣದಿದ್ದರೆ ಇಡೀ ಕಿಡ್ನಿ ತೆಗೆಯಬೇಕಿಲ್ಲ, ಗಡ್ಡೆಯ ಭಾಗವನ್ನಷ್ಟೇ ತೆಗೆಯಬಹುದೇ ಎಂದು ಕೇಳಿ, ಅವರಿಗೆ ಬರದಿದ್ದರೆ ಬರುವವರ ಬಳಿ ಕಳಿಸಲು ಹೇಳಿ. ಹರೆಯದ ಹುಡುಗರಿಗೆ ಹೇಳಬೇಕಾದದ್ದು ಬೇರೆ. ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಕಂಡರೆ ನಾಚಿಕೆ ಬಿಟ್ಟು ಆ ವಾರವೇ ತೋರಿಸಿ. ಅದಕ್ಕೆ ಸೂಜಿ ಚುಚ್ಚಿ ನೋಡಬಾರದು, ಚೀಲದ ಮೇಲೆ ಕೊಯ್ಯಬಾರದು. ತೊಡೆಸಂದಿಯ ಮೂಲಕವೇ ತೆಗೆಯಬೇಕು. ದೇಹಕ್ಕೆಲ್ಲ ಹರಡಿದ್ದರೂ ಬಹುಪಾಲು ಗುಣವಾಗುವ ಕ್ಯಾನ್ಸರ್ ಇದು. 2012ರಲ್ಲಿ ಕ್ರಿಕೆಟಿಗ ಯುವರಾಜ್ ಸಿಂಗ್ ಎದೆಯೊಳಗಿನ ಗಡ್ಡೆಗೆ ಅಮೆರಿಕದ ಇಂಡಿಯಾನಾದಲ್ಲಿ ಚಿಕಿತ್ಸೆ ಪಡೆದರಲ್ಲ, ಅದು ಇದೇ ವಂಶದ್ದು. ಅಲ್ಲಿನ ಲಾರೆನ್ಸ್ ಐನ್‌ಹಾರ್ನ್ 1974ರಲ್ಲಿ ಸಿಸ್‌ಪ್ಲಾಟಿನ್ ಕೂಡಿಸಿ ಶುರುಮಾಡಿದ ಚಿಕಿತ್ಸೆಯೇ ಇದರ ಅದೃಷ್ಟ ಬದಲಿಸಿದ್ದು. ಶಿಶ್ನದ ಕ್ಯಾನ್ಸರ್ ಬಗ್ಗೆ ಯಾರೂ ಫೋನು ಮಾಡುವುದಿಲ್ಲ, ಅದಕ್ಕೇ ನಾನೇ ಬರೆಯುತ್ತೇನೆ. ಮುಂದೊಗಲು ಹಿಂದೆ ಸರಿಯದಿರುವವರು, ಅಲ್ಲಿ ವಾಸಿಯಾಗದ ಹುಣ್ಣು ಇರುವವರು ಮುಲಾಮು ಹಚ್ಚುತ್ತ ಕೂರಬೇಡಿ. ಬೇಗ ಬಂದರೆ ಅಂಗ ಉಳಿಯುತ್ತದೆ.

ಎಲ್ಲಿಗೆ ಹೋಗಬೇಕು? ನಮ್ಮ ಹಿರಿಯರಿಗೆ ಕ್ಯಾನ್ಸರ್ ಎಂದರೆ ಹೈದರಾಬಾದು. ಗುಲ್ಬರ್ಗ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1955ರಲ್ಲಿ, ಅಲ್ಲಿ ಮೆಹದಿ ನವಾಜ್ ಜಂಗ್ ಹೆಸರಿನ ಆಸ್ಪತ್ರೆ ಆಗಿತ್ತು. ಇನ್ನೊಂದು ದಿಕ್ಕಿಗೆ ಸೋಲಾಪುರ, ಬಾರ್ಶಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಲ್ಲಿ ಶುರುವಾಯಿತು, ಈಗ ಅದರ ಕೇಂದ್ರ ಕಲಬುರಗಿಯಲ್ಲೂ ಇದೆ. ಇಲ್ಲಿ ಜಿಮ್ಸ್, ಇಎಸ್‌ಐ ಆಸ್ಪತ್ರೆಗಳು, 1963ರಷ್ಟು ಹಳೆಯ ಎಂ.ಆರ್. ಮೆಡಿಕಲ್ ಕಾಲೇಜು ಇವೆ. ನನ್ನ ಸಲಹೆ ಇಷ್ಟು: ಮೊದಲ ಪತ್ತೆ ಕಲಬುರಗಿಯಲ್ಲೇ, ಯುರಾಲಜಿಸ್ಟ್ ಹತ್ತಿರ, ಅಂದರೆ ಎಂಎಸ್ ಮುಗಿಸಿ ಎಂಸಿಎಚ್ ಮಾಡಿದವರ ಹತ್ತಿರ ಆಗಲಿ. ದುರ್ಬೀನಿಗಾಗಿ 600 ಕಿಲೋಮೀಟರು ಹೋಗಬೇಕಿಲ್ಲ. ಮೂತ್ರಕೋಶ ತೆಗೆಯುವಂಥ ದೊಡ್ಡ ತೀರ್ಮಾನ ಬಂದಾಗ ಮಾತ್ರ, ಸರ್ಜನ್, ಕಿಮೊ ಡಾಕ್ಟರು, ವಿಕಿರಣ ಡಾಕ್ಟರು ಮೂವರೂ ಕೂತು ಚರ್ಚಿಸುವ ಕಡೆ, ಆ ಆಪರೇಷನ್ ಮೇಲಿಂದ ಮೇಲೆ ಮಾಡುವ ಕಡೆ ಹೋಗಿ. ಹೋಗುವಾಗ ವರದಿಯ ಜೆರಾಕ್ಸ್ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡು, ಮೇಣದ ಬ್ಲಾಕು ಕೇಳಿ ಪಡೆದು ಒಯ್ಯಿರಿ; ಇಲ್ಲದಿದ್ದರೆ ಅಲ್ಲಿ ಮತ್ತೆ ಮೊದಲಿನಿಂದ.

ಹಣದ ವಿಷಯದಲ್ಲಿ ನಮ್ಮ ಭಾಗಕ್ಕೊಂದು ಇತಿಹಾಸವಿದೆ. ಬಡವರ ಕ್ಯಾನ್ಸರ್, ಹೃದಯ, ಕಿಡ್ನಿ ಶಸ್ತ್ರಚಿಕಿತ್ಸೆಗೆ ಸರ್ಕಾರ ದುಡ್ಡು ಕೊಡುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ರಾಜ್ಯದಲ್ಲೇ ಮೊದಲು ಶುರುವಾದದ್ದು ಗುಲ್ಬರ್ಗ ವಿಭಾಗದಲ್ಲಿ. ಊರೂರಿಗೆ ಹೋಗಿ ಶಿಬಿರ ಮಾಡಿ ರೋಗಿಗಳನ್ನು ಕರೆತರುವುದು ಆ ಯೋಜನೆಯ ಭಾಗವಾಗಿತ್ತು. ಯೋಜನೆ ಇದ್ದ ಹಳ್ಳಿಗಳಲ್ಲಿ ಈ ರೋಗಗಳ ಸಾವು ಕಡಿಮೆಯಾಗಿತ್ತೆಂದು ರಾಜ್ಯದಲ್ಲಿ ನಡೆದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಈಗಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಗಡಿ ದಾಟಿ ಹೋಗುವ ಮೊದಲು ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡು ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ.

ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿದೆ. ಮೂತ್ರಕೋಶಕ್ಕೆ ಅಂಥ ಸಾಮೂಹಿಕ ತಪಾಸಣೆ ಇಲ್ಲ, ಅದನ್ನು ಮಾಡಬೇಕೆಂದು ನಾನೂ ಹೇಳುತ್ತಿಲ್ಲ. ಆದರೆ ಮಹಾಗಾಂವದ, ಕಮಲಾಪುರದ ಸರ್ಕಾರಿ ಆಸ್ಪತ್ರೆಗಳಿಗೆ ಬಿಪಿ, ಶುಗರ್ ತೋರಿಸಲು ಬರುವವರನ್ನು, ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ಹಿರಿಯರನ್ನು, ಒಂದು ಮಾತು ತಪ್ಪದೆ ಕೇಳಬೇಕು: ಎಂದಾದರೂ ಮೂತ್ರ ಕೆಂಪಗೆ ಬಂದಿತ್ತೇ? ಹೌದೆಂದವರ ಮೂತ್ರವನ್ನು ಅಲ್ಲೇ ಪರೀಕ್ಷಾ ಪಟ್ಟಿ ಹಾಕಿ ನೋಡಬಹುದು, ಅದಕ್ಕೆ ತಗಲುವುದು ಕೆಲವೇ ರೂಪಾಯಿ. ಪಟ್ಟಿಯಲ್ಲಿ ರಕ್ತ ಇಲ್ಲದಿದ್ದರೂ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದುಕೊಡಬೇಕು, ಯಾಕೆಂದರೆ ಗಡ್ಡೆ ಆ ದಿನ ಬಿಡುವಿನಲ್ಲಿರಬಹುದು. ಆಯುಷ್ಮಾನ್ ಯೋಜನೆಯಲ್ಲಿ ಮುಂದಿನ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ಈ ಚೀಟಿಯಿಂದಲೇ ಆ ದಾರಿ ಶುರುವಾಗುತ್ತದೆ. ತಾಲ್ಲೂಕು ಆರೋಗ್ಯಾಧಿಕಾರಿಗಳು ಮನಸ್ಸು ಮಾಡಿದರೆ ಈ ಬೇಸಿಗೆಯಲ್ಲೇ ಶುರುಮಾಡಬಹುದು.